ಒಂದೇ ಗಲ್ಲಾ, ಎರಡು ಲೆಕ್ಕ: ಪಾಂಡಾಸ್ ಕೋಡನ್ನು ಎಸ್‌ಕ್ಯೂಎಲ್‌ಗೆ ತಿರುಗಿಸುವವರಿಗೆ

ಮುಂಬೈನ ಮಾಟುಂಗದಲ್ಲಿ ನನ್ನ ಸೋದರಮಾವನ ಹೋಟೆಲ್ ಇದೆ. ಇಡ್ಲಿ, ದೋಸೆ, ಫಿಲ್ಟರ್ ಕಾಫಿ. ಬೆಳಿಗ್ಗೆ 5 ಗಂಟೆಗೆ ಶಟರ್ ಏಳುತ್ತದೆ. ನಾನು ಇರುವುದು ಡೊಂಬಿವಲಿಯಲ್ಲಿ. ವಾರವಿಡೀ ಒಂದು ಆಫೀಸಿನಲ್ಲಿ ಡೇಟಾ ಕೆಲಸ, ಭಾನುವಾರ ಸ್ಲೋ ಲೋಕಲ್ ಹಿಡಿದು ಬಂದು ಮಾವನ ಬಿಲ್ಲುಗಳ ಲೆಕ್ಕ. ಸಂಬಳ ಇಲ್ಲ. ಮಧ್ಯಾಹ್ನ ಊಟ, ಹೊರಡುವಾಗ ಒಂದು ಡಬ್ಬ ಸಾಂಬಾರ್ ಪುಡಿ.

ನಾಲ್ಕು ವರ್ಷ ಎಲ್ಲವೂ ಪೈಥಾನ್‌ನ ಡೇಟಾ ಲೈಬ್ರರಿ ಪಾಂಡಾಸ್‌ನಲ್ಲೇ ನಡೆಯಿತು. ಎರಡನೇ ಶಾಖೆ ಶುರುವಾದ ಮೇಲೆ ನನ್ನ ಲ್ಯಾಪ್‌ಟಾಪ್ ಏದುಸಿರು ಬಿಡಲು ಶುರು ಮಾಡಿತು. ಸರಿ ಎಂದು ಬಿಲ್ಲುಗಳನ್ನೆಲ್ಲ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿಗೆ ಹಾಕಿದೆ. ಹಳೇ ಕೋಡನ್ನು ಸಾಲು ಸಾಲಾಗಿ ಡೇಟಾಬೇಸಿನ ಭಾಷೆಯಾದ ಎಸ್‌ಕ್ಯೂಎಲ್‌ಗೆ ತಿರುಗಿಸಿದೆ. ಮಾರ್ಚ್ ತಿಂಗಳ ಮಾರಾಟ ಪಾಂಡಾಸ್ ಪ್ರಕಾರ 18,42,310 ರೂಪಾಯಿ. ಪೋಸ್ಟ್‌ಗ್ರೆಸ್ ಪ್ರಕಾರ 18,05,870. ನಡುವೆ 36,440 ರೂಪಾಯಿ ಮಾಯ. ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಕ್ವೆರಿ ನಗುನಗುತ್ತಾ ಓಡಿತ್ತು.

"ಎಂತ ಮಾರಾಯ್ತಿ, ನನ್ನ ಪುಸ್ತಕದಲ್ಲಿ ಇಷ್ಟು ವ್ಯತ್ಯಾಸ ಬಂದಿದ್ರೆ ನಿನ್ನ ಅತ್ತೆ ಸುಮ್ನೆ ಬಿಡ್ತಿದ್ಳಾ?" ಎಂದರು ಮಾವ.

ಆ ದುಡ್ಡು ಹುಡುಕುವಾಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕೈಯಾರೆ ತಿರುಗಿಸುವವರಿಗೂ ಇದು ಬೇಕು, ಡಿಬಿಪ್ಲೈಯರ್ (ಆರ್ ಭಾಷೆಯದು), ಐಬಿಸ್ (ಪೈಥಾನ್‌ನದು) ತರಹದ ಟೂಲ್‌ಗಳಿಂದ ತಿರುಗಿಸುವವರಿಗೂ ಬೇಕು. ಕೋಡನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಎಡಿಟರ್‌ನಲ್ಲಿ ನೀವು ಎಂದಿನಂತೆ ಟೈಪ್ ಮಾಡಿಕೊಳ್ಳಿ.

ಮೊದಲು ಒಂದು ಮಾತು. ಈ ತಪ್ಪುಗಳಿಗೆ ಗ್ರಾಮರ್ ಕಾರಣ ಅಲ್ಲ. ಪದ ಅದೇ ಇರುತ್ತದೆ, ಅರ್ಥ ಜಾರಿರುತ್ತದೆ. ನಾನು ಮುಂಬೈಗೆ ಬಂದ ಹೊಸದರಲ್ಲಿ ಮ್ಯಾನೇಜರ್ ಹಿಂದಿಯಲ್ಲಿ "ಅಚ್ಛಾ ಅವಸರ್ ಹೈ" ಅಂದರು. ಏನೋ ಅರ್ಜೆಂಟ್ ಇರಬೇಕು ಎಂದು ನಾನು ರಾತ್ರಿ ಹತ್ತರವರೆಗೆ ಕೂತು ಕೆಲಸ ಮುಗಿಸಿದೆ. ಅವರು ಹೇಳಿದ್ದು ಒಳ್ಳೆಯ ಅವಕಾಶ ಅಂತ. ಪಾಂಡಾಸ್‌ನ "ಖಾಲಿ"ಗೂ ಎಸ್‌ಕ್ಯೂಎಲ್‌ನ "ಖಾಲಿ"ಗೂ ಇರುವ ಸಂಬಂಧ ಹೀಗೇ.

ಹುಡುಕುವುದು ಎಲ್ಲಿಂದ

ಮೊತ್ತ ನೋಡುತ್ತಾ ತಲೆ ಕೆರೆದುಕೊಂಡರೆ ಪ್ರಯೋಜನ ಇಲ್ಲ. ಸಾಲಿನ ಮಟ್ಟಕ್ಕೆ ಇಳಿಯಬೇಕು. ಪಾಂಡಾಸ್ ಕೊಟ್ಟ ಫಲಿತಾಂಶವನ್ನು ಟು_ಎಸ್‌ಕ್ಯೂಎಲ್ ಬಳಸಿ ಡೇಟಾಬೇಸಿನಲ್ಲೇ ಒಂದು ತಾತ್ಕಾಲಿಕ ಟೇಬಲ್ ಆಗಿ ಹಾಕಿ. ಆಮೇಲೆ ಎರಡನ್ನೂ ಹೀಗೆ ಕಳೆಯಿರಿ:

ಸೆಲೆಕ್ಟ್ ಬಿಲ್, ಮೊತ್ತ ಫ್ರಮ್ ಹಳೆ
ಎಕ್ಸೆಪ್ಟ್ ಆಲ್
ಸೆಲೆಕ್ಟ್ ಬಿಲ್, ಮೊತ್ತ ಫ್ರಮ್ ಹೊಸ

ಮತ್ತೆ ಹಳೆ, ಹೊಸ ಅದಲುಬದಲು ಮಾಡಿ ಇನ್ನೊಮ್ಮೆ. ಎರಡು ದಿಕ್ಕಿನಲ್ಲೂ ಮಾಡಲೇಬೇಕು, ಏಕೆಂದರೆ ಒಂದು ದಿಕ್ಕಿನಲ್ಲಿ "ಕಾಣೆಯಾದ" ಸಾಲು ಮಾತ್ರ ಸಿಗುತ್ತದೆ, "ಹೆಚ್ಚಾದ" ಸಾಲು ಸಿಗುವುದಿಲ್ಲ. ಆಲ್ ಅನ್ನುವ ಪದ ಬಿಡಬೇಡಿ. ಬಿಟ್ಟರೆ ಡುಪ್ಲಿಕೇಟ್ ಸಾಲುಗಳು ಒಂದಾಗಿ, ಎರಡು ಸಲ ಬಂದ ಬಿಲ್ಲು ಕಣ್ಣಿಗೆ ಬೀಳುವುದಿಲ್ಲ. ಎಕ್ಸೆಪ್ಟ್‌ನಲ್ಲಿ ಇನ್ನೊಂದು ಅನುಕೂಲ ಇದೆ: ಅಲ್ಲಿ ನಲ್ (ಎಸ್‌ಕ್ಯೂಎಲ್‌ನ ಖಾಲಿ) ಮತ್ತು ನಲ್ ಒಂದೇ ಎಂದು ಲೆಕ್ಕ. ಎಸ್‌ಕ್ಯೂಎಲ್‌ನ ಬೇರೆ ಕಡೆ ಹಾಗಿಲ್ಲ. ಅದೇ ನಮ್ಮ ಮುಖ್ಯ ತಲೆನೋವು.

ನನಗೆ ಸಿಕ್ಕಿದ್ದು 412 ಬಿಲ್ಲು. ಎಲ್ಲವೂ ಪಾರ್ಸೆಲ್ ಕೌಂಟರಿನವು. ಎಲ್ಲದರಲ್ಲೂ "ಸ್ಥಿತಿ" ಕಾಲಂ ಖಾಲಿ.

ಖಾಲಿ ಎಂದರೆ ಏನು

ಪಾರ್ಸೆಲ್ ಕೌಂಟರಿನ ಹಳೇ ಮಿಷನ್ ಸ್ಥಿತಿಯನ್ನು ತುಂಬುತ್ತಲೇ ಇರಲಿಲ್ಲ. ಒಳಗಿನ ಮಿಷನ್ "ಪಾವತಿ" ಅಥವಾ "ರದ್ದು" ಎಂದು ಬರೆಯುತ್ತಿತ್ತು. ನನ್ನ ಹಳೇ ಕೋಡ್ ಹೇಳಿದ್ದು ಇಷ್ಟೇ: ಸ್ಥಿತಿ "ರದ್ದು" ಅಲ್ಲದ ಬಿಲ್ಲುಗಳನ್ನು ಇಟ್ಟುಕೋ. ಎಸ್‌ಕ್ಯೂಎಲ್‌ನಲ್ಲೂ ಅದನ್ನೇ ಬರೆದೆ: ವೇರ್ ಸ್ಥಿತಿ <> 'ರದ್ದು'.

ಪಾಂಡಾಸ್‌ನ ಮಾಮೂಲಿ ಕಾಲಮ್ಮಿನಲ್ಲಿ ಖಾಲಿ ಮತ್ತು "ರದ್ದು" ಬೇರೆ ಬೇರೆ. ಬೇರೆಯಾದ್ದರಿಂದ ಉತ್ತರ ನಿಜ, ಬಿಲ್ಲು ಉಳಿಯಿತು. ಎಸ್‌ಕ್ಯೂಎಲ್‌ನಲ್ಲಿ ನಲ್ ಅಂದರೆ "ಗೊತ್ತಿಲ್ಲ". ಗೊತ್ತಿಲ್ಲದ್ದು "ರದ್ದು" ಅಲ್ಲವೋ ಹೌದೋ ಎಂದು ಕೇಳಿದರೆ ಉತ್ತರವೂ "ಗೊತ್ತಿಲ್ಲ". ವೇರ್ ಬಾಗಿಲಲ್ಲಿ ಒಳಗೆ ಹೋಗುವುದಕ್ಕೆ ಪಕ್ಕಾ ನಿಜ ಬೇಕು. 412 ಪಾರ್ಸೆಲ್ ಬಿಲ್ಲು ಹೊರಗೇ ನಿಂತವು.

ಸರಿ ಮಾಡುವುದು ಹೀಗೆ: ವೇರ್ ಸ್ಥಿತಿ ಈಸ್ ಡಿಸ್ಟಿಂಕ್ಟ್ ಫ್ರಮ್ 'ರದ್ದು'. ಪೋಸ್ಟ್‌ಗ್ರೆಸ್, ಡಕ್‌ಡಿಬಿ ಎರಡೂ ಡೇಟಾಬೇಸಿನಲ್ಲಿ ನಡೆಯುತ್ತದೆ. ಎಸ್‌ಕ್ಯೂಲೈಟ್‌ನಲ್ಲಿ ಈಸ್ ನಾಟ್ 'ರದ್ದು' ಎಂದರೂ ಸಾಕು. ಮೈಎಸ್‌ಕ್ಯೂಎಲ್‌ನಲ್ಲಿ <=> ಎಂಬ ಗುರುತು ಇದೆ, ಅದರ ಮುಂದೆ ನಾಟ್ ಹಾಕಿಕೊಳ್ಳಬೇಕು.

ಇಲ್ಲಿ ಪಾಂಡಾಸ್ ಕೂಡ ಒಂದೇ ಥರ ಇಲ್ಲ. 2020ರಲ್ಲಿ ಬಂದ 1.0 ಆವೃತ್ತಿಯಿಂದ ಪಿಡಿ ಡಾಟ್ ಎನ್‌ಎ ಎಂಬ ಹೊಸ ಖಾಲಿ ಇದೆ. ಅದು ಎಸ್‌ಕ್ಯೂಎಲ್ ಹಾಗೆ "ಗೊತ್ತಿಲ್ಲ" ಎನ್ನುತ್ತದೆ, ಫಿಲ್ಟರ್‌ನಲ್ಲಿ ಹೊರಗುಳಿಯುತ್ತದೆ. ಹಾಗಾಗಿ ಕಾಲಂ ಯಾವ ಬಗೆಯದು ಎಂದು ನೋಡದೆ "ಪಾಂಡಾಸ್ ಹೀಗೆ ಮಾಡುತ್ತದೆ" ಎನ್ನುವ ಹಾಗಿಲ್ಲ. ಆರ್ ಭಾಷೆಯ ಡೇಟಾ ಲೈಬ್ರರಿ ಡಿಪ್ಲೈಯರ್‌ನಿಂದ ಬಂದವರಿಗೆ ಈ ಒಂದು ತೊಂದರೆ ಇಲ್ಲ. ಅಲ್ಲಿನ ಫಿಲ್ಟರ್ ಮೊದಲಿನಿಂದಲೂ ಖಾಲಿ ಸಾಲನ್ನು ಬಿಟ್ಟುಬಿಡುತ್ತದೆ.

ನಾಟ್ ಇನ್ ಇದಕ್ಕಿಂತ ಕೆಟ್ಟದು. ವಾಪಸ್ ಬಂದ ಬಿಲ್ಲುಗಳದ್ದೊಂದು ಪಟ್ಟಿ ಇತ್ತು, ಅದರಲ್ಲಿ ಇಲ್ಲದ ಬಿಲ್ಲು ಬೇಕಿತ್ತು. ವೇರ್ ಬಿಲ್ ನಾಟ್ ಇನ್ ಎಂದು ಒಳಗೆ ಆ ಪಟ್ಟಿಯ ಕ್ವೆರಿ ಬರೆದೆ. ಬಂದದ್ದು ಸೊನ್ನೆ ಸಾಲು. ಪಟ್ಟಿಯಲ್ಲಿ ಯಾರೋ ಬಿಲ್ ನಂಬರ್ ಬರೆಯದೇ ಬಿಟ್ಟ ಒಂದೇ ಒಂದು ಸಾಲು ಇತ್ತು. ಆ ಒಂದು ನಲ್ ಇದ್ದರೆ ಯಾವ ಬಿಲ್ಲಿಗೂ "ಇದು ಪಟ್ಟಿಯಲ್ಲಿ ಇಲ್ಲವೇ ಇಲ್ಲ" ಎಂದು ಖಡಾಖಂಡಿತ ಹೇಳುವ ಹಾಗಿಲ್ಲ. ಹಾಗಾಗಿ ಎಲ್ಲವೂ ಔಟ್. ಪಾಂಡಾಸ್‌ನ ಈಸ್‌ಇನ್ ಈ ಆಟ ಆಡುವುದಿಲ್ಲ. ಒಳಗಿನ ಕ್ವೆರಿ ಇದ್ದಲ್ಲಿ ನಾನು ಈಗ ನಾಟ್ ಇನ್ ಬರೆಯುವುದನ್ನೇ ಬಿಟ್ಟಿದ್ದೇನೆ, ನಾಟ್ ಎಗ್ಸಿಸ್ಟ್ಸ್ ಬರೆಯುತ್ತೇನೆ.

ಇನ್ನು ಜಾಯಿನ್. ಗಿರಾಕಿಗಳ ಫೋನ್ ನಂಬರಿನ ಮೇಲೆ ಬಿಲ್ಲು ಜೋಡಿಸುತ್ತಿದ್ದೆ. ಪಾಂಡಾಸ್‌ನ ಮರ್ಜ್‌ಗೆ ಖಾಲಿ ಫೋನ್ ಸಿಕ್ಕರೆ ಇನ್ನೊಂದು ಖಾಲಿ ಫೋನ್ ಜೊತೆ ಜೋಡಿಸಿಬಿಡುತ್ತದೆ. ಖಾಲಿ ಫೋನಿನ 600 ಬಿಲ್ಲು, ಖಾಲಿ ಫೋನಿನ 3 ಗಿರಾಕಿ ಇದ್ದರೆ 1,800 ಸಾಲು. ಎಸ್‌ಕ್ಯೂಎಲ್‌ನ ಜಾಯಿನ್ ಖಾಲಿಗೆ ಖಾಲಿ ಜೋಡಿಸುವುದೇ ಇಲ್ಲ. ಡಿಪ್ಲೈಯರ್‌ನಲ್ಲಿ ಇದಕ್ಕೆಂದೇ ಎನ್‌ಎ_ಮ್ಯಾಚಸ್ ಎಂಬ ಆಯ್ಕೆ ಇದೆ. ಮೆಮೊರಿಯಲ್ಲಿರುವ ಟೇಬಲ್ಲಿಗೆ, ಅಂದರೆ ಡೇಟಾಫ್ರೇಮಿಗೆ, ಅದರ ಡಿಫಾಲ್ಟ್ ಒಂದು, ಡೇಟಾಬೇಸ್ ಟೇಬಲ್ಲಿಗೆ ಇನ್ನೊಂದು. ಒಂದೇ ಕೋಡ್, ಓಡುವ ಜಾಗದ ಮೇಲೆ ಉತ್ತರ ಬೇರೆ.

ಗ್ರೂಪ್‌ಬೈ ವಿಷಯದಲ್ಲಿ ಮುಖ ಕೆಂಪಾದದ್ದು ನನ್ನದು. ವೇಟರ್‌ವಾರು ಮಾರಾಟದ ಪಟ್ಟಿಯಲ್ಲಿ ಪೋಸ್ಟ್‌ಗ್ರೆಸ್ ಕೊನೆಗೆ ಒಂದು ಹೆಸರಿಲ್ಲದ ಸಾಲು ತೋರಿಸಿತು, ಅದರ ಮುಂದೆ ದೊಡ್ಡ ಮೊತ್ತ. ಇದು ಹೊಸ ಬಗ್ ಎಂದು ಅರ್ಧ ದಿನ ಹುಡುಕಿದೆ. ಆಮೇಲೆ ಗೊತ್ತಾಯಿತು, ಪಾಂಡಾಸ್‌ನ ಗ್ರೂಪ್‌ಬೈ ಖಾಲಿ ಕೀಯನ್ನು ಹೇಳದೆ ಕೇಳದೆ ಬಿಟ್ಟುಬಿಡುತ್ತದೆ. ಪಾರ್ಸೆಲ್ ಕೌಂಟರಿಗೆ ವೇಟರ್ ಇಲ್ಲವಲ್ಲ. ನಾಲ್ಕು ವರ್ಷ ನನ್ನ ವೇಟರ್ ಪಟ್ಟಿಯ ಮೊತ್ತ ಒಟ್ಟು ಮಾರಾಟಕ್ಕಿಂತ ಕಡಿಮೆ ಇತ್ತು, ಯಾರೂ ಕೂಡಿಸಿ ನೋಡಿರಲಿಲ್ಲ. 1.1 ಆವೃತ್ತಿಯಿಂದ ಡ್ರಾಪ್‌ಎನ್‌ಎ = ಫಾಲ್ಸ್ ಎಂದು ಕೊಟ್ಟರೆ ಖಾಲಿ ಗುಂಪೂ ಬರುತ್ತದೆ.

ಅಂದರೆ ಹಳೇ ಕೋಡೇ ಸತ್ಯ ಎಂದು ಹೊರಡಬಾರದು. ಎರಡು ಲೆಕ್ಕ ಜಗಳ ಆಡುವಾಗ ಮೂರನೆಯದೊಂದು ಬೇಕು. ನನಗೆ ಅದು ಮಾವನ ಕೆಂಪು ಬೈಂಡಿನ ರೋಜು ಪುಸ್ತಕ. ದಿನದ ಕೊನೆಗೆ ಗಲ್ಲಾ ಎಣಿಸಿ ಪೆನ್ನಿನಲ್ಲಿ ಬರೆದದ್ದು. ಮಾರ್ಚ್ ಮಾರಾಟದಲ್ಲಿ ಆ ಪುಸ್ತಕ ಪಾಂಡಾಸ್ ಪರ ನಿಂತಿತು, ವೇಟರ್ ಪಟ್ಟಿಯಲ್ಲಿ ಪೋಸ್ಟ್‌ಗ್ರೆಸ್ ಪರ.

ಖಾಲಿಯ ಕಥೆಯಲ್ಲಿ ಇನ್ನೆರಡು ಸಣ್ಣವು. ಹೋಟೆಲ್ ಮುಚ್ಚಿದ ದಿನಗಳೂ ಕಾಣಲಿ ಎಂದು ಕ್ಯಾಲೆಂಡರ್ ಟೇಬಲ್‌ಗೆ ಲೆಫ್ಟ್ ಜಾಯಿನ್ ಮಾಡಿದ್ದೆ. ಆ ದಿನಕ್ಕೆ ಪಾಂಡಾಸ್‌ನ ಸಮ್ 0 ಎನ್ನುತ್ತದೆ, ಎಸ್‌ಕ್ಯೂಎಲ್‌ನ ಸಮ್ ನಲ್ ಎನ್ನುತ್ತದೆ. ಆ ನಲ್‌ಗೆ ಏನು ಕೂಡಿಸಿದರೂ ನಲ್. ಕೋಲೆಸ್ ಹಾಕಿ ಸೊನ್ನೆ ಮಾಡಿಕೊಳ್ಳಿ. ಇನ್ನೊಂದು, ಪಾಂಡಾಸ್‌ನಲ್ಲಿ ಪೂರ್ಣಸಂಖ್ಯೆಯ ಕಾಲಮ್ಮಿಗೆ ಒಂದು ಖಾಲಿ ಬಿದ್ದರೂ ಇಡೀ ಕಾಲಂ ದಶಮಾಂಶಕ್ಕೆ ತಿರುಗುತ್ತದೆ. ನನ್ನ ಟೇಬಲ್ ನಂಬರ್ 12 ಹೋಗಿ 12.0 ಆಯಿತು. ಅದನ್ನು ಅಕ್ಷರವಾಗಿ ಮಾಡಿ ಜೋಡಿಸಲು ಹೋದರೆ '12' ಮತ್ತು '12.0' ಸೇರುವುದೇ ಇಲ್ಲ. ದೊಡ್ಡಕ್ಷರದ ಐ ಇರುವ ಇಂಟ್64 ಬಗೆ ಬಳಸಿದರೆ ಈ ಕಾಟ ಇಲ್ಲ.

ಸಾಲುಗಳಿಗೆ ಸರದಿ ಇಲ್ಲ

ಡೇಟಾಫ್ರೇಮಿನಲ್ಲಿ ಮೊದಲ ಸಾಲು ಎಂದರೆ ಮೊದಲ ಸಾಲು. ಟೇಬಲ್ಲಿನಲ್ಲಿ ಮೊದಲನೆಯದು ಎಂಬುದೇ ಇಲ್ಲ, ಆರ್ಡರ್ ಬೈ ಬರೆದರೆ ಮಾತ್ರ ಉಂಟು. ಇದನ್ನು ಎಲ್ಲರೂ ಓದಿರುತ್ತಾರೆ. ಆದರೂ ಜಾರುತ್ತಾರೆ, ಏಕೆಂದರೆ ಪೋಸ್ಟ್‌ಗ್ರೆಸ್ ಮೊದಮೊದಲು ಹಾಕಿದ ಸರದಿಯಲ್ಲೇ ಕೊಡುತ್ತದೆ.

ಮಾವನಿಗೆ ಪ್ರತಿದಿನದ ಬೋಣಿ ಯಾರದು, ಎಷ್ಟು ಎಂದು ನೋಡುವ ಹುಚ್ಚು. ಪಾಂಡಾಸ್‌ನಲ್ಲಿ ಡ್ರಾಪ್_ಡುಪ್ಲಿಕೇಟ್ಸ್‌ಗೆ ತಾರೀಖು ಕೊಟ್ಟು ಮೊದಲನೆಯದನ್ನು ಇಟ್ಟುಕೊಳ್ಳುತ್ತಿದ್ದೆ. ಪೋಸ್ಟ್‌ಗ್ರೆಸ್‌ನಲ್ಲಿ ಡಿಸ್ಟಿಂಕ್ಟ್ ಆನ್ ಎಂದು ಬರೆದೆ, ಆರ್ಡರ್ ಬೈ ಹಾಕಲಿಲ್ಲ. ಎರಡು ವಾರ ಸರಿಯಾಗಿ ಬಂತು. ಒಂದು ದಿನ ಬೋಣಿಯ ಬಿಲ್ಲಿನಲ್ಲಿ ಎರಡು ಕಾಫಿ ಜಾಸ್ತಿ ಬಿದ್ದಿದೆ ಎಂದು ಮಧ್ಯಾಹ್ನ ತಿದ್ದಿದರು. ಸಂಜೆ ನೋಡಿದರೆ ಬೋಣಿ ಬೇರೆ ಯಾರದೋ ಆಗಿತ್ತು. ಪೋಸ್ಟ್‌ಗ್ರೆಸ್‌ನಲ್ಲಿ ಅಪ್‌ಡೇಟ್ ಎಂದರೆ ಹಳೇ ಸಾಲನ್ನು ಅಳಿಸಿ ಬರೆಯುವುದಲ್ಲ. ಸಾಲಿನ ಹೊಸ ಪ್ರತಿಯೊಂದನ್ನು ಬೇರೆ ಜಾಗದಲ್ಲಿ ಬರೆಯುವುದು. ತಿದ್ದಿದ ಬಿಲ್ಲು ಹಿಂದಕ್ಕೆ ಹೋಗಿ ಕೂತಿತ್ತು. ಆರ್ಡರ್ ಬೈ ತಾರೀಖು, ಸಮಯ, ಬಿಲ್ ಎಂದು ಮೂರನ್ನೂ ಬರೆದ ಮೇಲೆ ಸರಿಹೋಯಿತು. ಸಮಯ ಒಂದೇ ಸಾಲದು. ಬೆಳಿಗ್ಗೆ ಒಂದೇ ನಿಮಿಷಕ್ಕೆ ಎರಡು ಬಿಲ್ಲು ಮಾಮೂಲಿ.

ಆ ಒಂದೇ ನಿಮಿಷದ ಎರಡು ಬಿಲ್ಲೇ ಮುಂದಿನ ಬಗ್ ಕೂಡ. ಇದನ್ನು ಸ್ವಲ್ಪ ಹತ್ತಿರದಿಂದ ನೋಡಿ. ನಾಲ್ಕು ಬಿಲ್ಲು:

8:01, 60 ರೂಪಾಯಿ
8:02, 45 ರೂಪಾಯಿ
8:02, 120 ರೂಪಾಯಿ
8:03, 80 ರೂಪಾಯಿ

ಕೂಡುತ್ತಾ ಹೋಗುವ ಮೊತ್ತ ಬೇಕು. ಪಾಂಡಾಸ್‌ನ ಕಮ್‌ಸಮ್ ಕೊಡುವುದು 60, 105, 225, 305. ಎಸ್‌ಕ್ಯೂಎಲ್‌ನಲ್ಲಿ ಸಮ್(ಮೊತ್ತ) ಓವರ್ (ಆರ್ಡರ್ ಬೈ ಸಮಯ) ಎಂದು ಬರೆದರೆ 60, 225, 225, 305. ಕೊನೆಯ ಸಂಖ್ಯೆ ಸರಿ ಇದೆ, ನಡುವಿನದು ತಪ್ಪು. ನಾವು ನೋಡುವುದು ಕೊನೆಯದನ್ನೇ ಅಲ್ವಾ!

ಕಾರಣ ಹೀಗೆ. ಓವರ್ ಒಳಗೆ ಆರ್ಡರ್ ಬೈ ಮಾತ್ರ ಕೊಟ್ಟು ಸುಮ್ಮನಾದರೆ, "ಮೊದಲಿನಿಂದ ಈ ಸಾಲಿನವರೆಗೆ" ಎನ್ನುವುದನ್ನು ಡೇಟಾಬೇಸ್ ರೇಂಜ್ ಎಂಬ ಲೆಕ್ಕದಲ್ಲಿ ನೋಡುತ್ತದೆ. ರೇಂಜ್‌ಗೆ ಒಂದೇ ಸಮಯದ ಸಾಲುಗಳೆಲ್ಲ ಒಂದೇ ಗುಂಪು. 8:02ರ ಎರಡಕ್ಕೂ ಒಟ್ಟಿಗೆ ಕೂಡಿಸಿಬಿಡುತ್ತದೆ. ನಮಗೆ ಬೇಕಾದ್ದು ರೋಸ್, ಅಂದರೆ ಒಂದೊಂದೇ ಸಾಲಿನ ಲೆಕ್ಕ:

ಸಮ್(ಮೊತ್ತ) ಓವರ್ (ಆರ್ಡರ್ ಬೈ ಸಮಯ, ಬಿಲ್ ರೋಸ್ ಅನ್‌ಬೌಂಡೆಡ್ ಪ್ರಿಸೀಡಿಂಗ್)

ಡಿಬಿಪ್ಲೈಯರ್ ಕಮ್‌ಸಮ್ ತಿರುಗಿಸುವಾಗ ಈ ರೋಸ್ ತಾನೇ ಹಾಕುತ್ತದೆ. ಕೈಯಾರೆ ಬರೆಯುವ ನಮ್ಮಂಥವರಿಗೆ ಮರೆಯುತ್ತದೆ. ಲಾಸ್ಟ್_ವ್ಯಾಲ್ಯೂ ತಪ್ಪುವುದೂ ಇದೇ ಕಾರಣಕ್ಕೆ. ಓವರ್ ನೋಡುವ ಸಾಲುಗಳ ಕಿಟಕಿ ಈಗಿನ ಸಾಲಿಗೇ ಮುಗಿಯುವುದರಿಂದ "ಕೊನೆಯದು" ಎಂದರೆ ಬರುವುದು ಬಹುತೇಕ ಅದೇ ಸಾಲು.

ದೊಡ್ಡ ಬಿಲ್ಲು ಹತ್ತು ತೋರಿಸು ಎಂದಾಗಲೂ ಎಚ್ಚರ. ಇಳಿಕೆ ಕ್ರಮದಲ್ಲಿ ಪೋಸ್ಟ್‌ಗ್ರೆಸ್ ನಲ್‌ಗಳನ್ನು ಮೇಲೆ ಕೂರಿಸುತ್ತದೆ. ಪಾಂಡಾಸ್ ಏರಿಕೆಗೂ ಇಳಿಕೆಗೂ ಖಾಲಿಯನ್ನು ಕೊನೆಗೇ ಹಾಕುತ್ತದೆ. ಮಾವನ ಕೈಗೆ ನಾನು ಕೊಟ್ಟ "ಟಾಪ್ 10" ಹಾಳೆಯಲ್ಲಿ ಹತ್ತೂ ಖಾಲಿ. ನಲ್ಸ್ ಲಾಸ್ಟ್ ಎಂದು ಬರೆಯಿರಿ.

ಹಳೇ ಹೆಸರು, ಹೊಸ ಬೆಲೆ

ಡೇಟಾಫ್ರೇಮ್ ಕೋಡ್ ಮೇಲಿನಿಂದ ಕೆಳಗೆ ಓಡುತ್ತದೆ. ಎಸ್‌ಕ್ಯೂಎಲ್ ಬರೆದ ಸರದಿಯಲ್ಲಿ ಓಡುವುದಿಲ್ಲ. ಮೊದಲು ಫ್ರಮ್, ಆಮೇಲೆ ವೇರ್, ಗ್ರೂಪ್ ಬೈ, ಹ್ಯಾವಿಂಗ್, ಆಮೇಲೆ ಸೆಲೆಕ್ಟ್, ಕೊನೆಗೆ ಆರ್ಡರ್ ಬೈ, ಲಿಮಿಟ್. ಎರಡು ಹೆಜ್ಜೆಗಳನ್ನು ಒಂದೇ ಸೆಲೆಕ್ಟ್‌ಗೆ ತುರುಕುವಾಗ ಇದು ಕಚ್ಚುತ್ತದೆ.

ನಮ್ಮಂಥ ಹೋಟೆಲಿಗೆ ಜಿಎಸ್‌ಟಿ 5 ಪ್ರತಿಶತ. ಪಾಂಡಾಸ್‌ನಲ್ಲಿ ಮೊತ್ತ = ಮೊತ್ತ × 1.05 ಎಂದು ಮಾಡಿ, ಮುಂದಿನ ಸಾಲಿನಲ್ಲಿ ಮೊತ್ತ > 200 ಇರುವುದನ್ನು ಆರಿಸುತ್ತಿದ್ದೆ. 195ರ ಬಿಲ್ಲು 204.75 ಆಗಿ ಒಳಗೆ ಬರುತ್ತಿತ್ತು. ಎಸ್‌ಕ್ಯೂಎಲ್‌ನಲ್ಲಿ ಸೆಲೆಕ್ಟ್ ಮೊತ್ತ * 1.05 ಆಸ್ ಮೊತ್ತ, ಕೆಳಗೆ ವೇರ್ ಮೊತ್ತ > 200. ವೇರ್ ನೋಡುವುದು ಟೇಬಲ್ಲಿನ ಹಳೇ ಮೊತ್ತವನ್ನು. 195 ಹೊರಗೆ. ಹೊಸ ಹೆಸರು ಕೊಟ್ಟಿದ್ದರೆ ಡೇಟಾಬೇಸ್ "ಇಂಥ ಕಾಲಂ ಇಲ್ಲ" ಎಂದು ಬೈಯುತ್ತಿತ್ತು, ತಪ್ಪು ಅಲ್ಲೇ ಸಿಗುತ್ತಿತ್ತು. ಹಳೇ ಹೆಸರನ್ನೇ ಮತ್ತೆ ಇಟ್ಟದ್ದಕ್ಕೆ ಬೈಯಲೂ ಇಲ್ಲ.

ಗ್ರೂಪ್ ಬೈನಲ್ಲಿ ಇದೇ ಆಟ ಇನ್ನೂ ಮಜವಾಗಿದೆ. "ಸಮಯ" ಕಾಲಮ್ಮನ್ನು ದಿನಕ್ಕೆ ಇಳಿಸಿ, ಅದಕ್ಕೂ "ಸಮಯ" ಎಂದೇ ಹೆಸರಿಟ್ಟು, ಗ್ರೂಪ್ ಬೈ ಸಮಯ, ಆರ್ಡರ್ ಬೈ ಸಮಯ ಎಂದೆ. 31 ಸಾಲು ಬರಬೇಕಿತ್ತು, ಸಾವಿರಗಟ್ಟಲೆ ಬಂತು. ಪೋಸ್ಟ್‌ಗ್ರೆಸ್‌ನಲ್ಲಿ ಹೆಸರು ಎರಡೂ ಕಡೆ ಇದ್ದರೆ ಗ್ರೂಪ್ ಬೈ ಟೇಬಲ್ಲಿನ ಕಾಲಂ ಹಿಡಿಯುತ್ತದೆ, ಆರ್ಡರ್ ಬೈ ಹೊಸ ಕಾಲಂ ಹಿಡಿಯುತ್ತದೆ. ಒಂದೇ ಕ್ವೆರಿಯಲ್ಲಿ, ಎರಡು ಸಾಲಿನ ಅಂತರದಲ್ಲಿ, ಒಂದೇ ಹೆಸರಿಗೆ ಎರಡು ಅರ್ಥ.

ನನ್ನ ರೂಢಿ ಈಗ ಹೀಗಿದೆ. ಪಾಂಡಾಸ್‌ನ ಒಂದು ಹೆಜ್ಜೆಗೆ ವಿತ್ ಬಳಸಿ ಒಂದು ಸಿಟಿಇ, ಅಂದರೆ ಹೆಸರಿಟ್ಟ ಒಳಕ್ವೆರಿ. ಹೆಸರು ಎಂದೂ ಮರುಬಳಕೆ ಇಲ್ಲ: ಮೊತ್ತ, ತೆರಿಗೆ_ಸೇರಿ, ದಿನ. ಕ್ವೆರಿ ಉದ್ದ ಆಗುತ್ತದೆ. ಆಗಲಿ. ಮೊದಲ 100 ಬಿಲ್ಲು ತೆಗೆದು ಅದರಲ್ಲಿ ಕಾಫಿ ಹುಡುಕುವುದು, ಕಾಫಿ ಬಿಲ್ಲು ಹುಡುಕಿ ಅದರಲ್ಲಿ 100 ತೆಗೆಯುವುದು ಎರಡೂ ಬೇರೆ. ಸಿಟಿಇ ಬೇರೆ ಬೇರೆ ಇದ್ದರೆ ಆ ಗೊಂದಲವೂ ಇಲ್ಲ. ಫಿಲ್ಟರ್‌ಗಳನ್ನು ಅಂಟಿಸುವಾಗ ಪ್ರತಿಯೊಂದಕ್ಕೂ ಆವರಣ ಹಾಕಿ. ಅಥವಾ ಎನ್ನುವ ಆರ್‌ಗಿಂತ ಮತ್ತು ಎನ್ನುವ ಆಂಡ್ ಗಟ್ಟಿಯಾಗಿ ಅಂಟುತ್ತದೆ, ಆವರಣ ಬಿಟ್ಟರೆ ಷರತ್ತೇ ಬದಲಾಗುತ್ತದೆ.

ದೋಸೆ ಸೊನ್ನೆ ಪ್ರತಿಶತ

120 ಪ್ಲೇಟಿನಲ್ಲಿ 37 ದೋಸೆ. 37 / 120 * 100. ಪಾಂಡಾಸ್ 30.83 ಎಂದಿತು, ಪೋಸ್ಟ್‌ಗ್ರೆಸ್ 0 ಎಂದಿತು. ಎರಡೂ ಪೂರ್ಣಸಂಖ್ಯೆ ಆದರೆ ಪೋಸ್ಟ್‌ಗ್ರೆಸ್‌ನಲ್ಲಿ ಭಾಗಾಕಾರವೂ ಪೂರ್ಣಸಂಖ್ಯೆಯೇ. "ಹಾಗಾದ್ರೆ ತವಾ ಮಾರಿಬಿಡ್ಲಾ?" ಎಂದು ಮಾವ ಕೇಳಿದರು. ಸೊನ್ನೆ ಬಂದರೆ ಪರವಾಗಿಲ್ಲ, ಯಾರಾದರೂ ಹಿಡಿಯುತ್ತಾರೆ. 100 * 37 / 120 ಎಂದು ಬರೆದರೆ 30 ಬರುತ್ತದೆ, ಅದನ್ನು ಯಾರೂ ಹಿಡಿಯುವುದಿಲ್ಲ. 100.0 ಎಂದು ಬರೆಯಿರಿ. ಮೈಎಸ್‌ಕ್ಯೂಎಲ್‌ನಲ್ಲಿ ಇದೇ ಭಾಗಾಕಾರ ದಶಮಾಂಶ ಕೊಡುತ್ತದೆ, ಹಾಗಾಗಿ ಅಲ್ಲಿ ಪರೀಕ್ಷೆ ಮಾಡಿ ಇಲ್ಲಿ ಓಡಿಸಿದರೂ ಪ್ರಯೋಜನವಿಲ್ಲ.

ರೂಪಾಯಿಗೆ ಸುತ್ತುವಾಗ 62.50 ಪಾಂಡಾಸ್‌ನಲ್ಲಿ 62, ಪೋಸ್ಟ್‌ಗ್ರೆಸ್‌ನ ನ್ಯೂಮೆರಿಕ್‌ನಲ್ಲಿ 63. ಪಾಂಡಾಸ್ ಅರ್ಧ ಬಂದರೆ ಸಮಸಂಖ್ಯೆಯ ಕಡೆ ಹೋಗುತ್ತದೆ. 63.50 ಎರಡರಲ್ಲೂ 64. ಒಂದು ಬಿಲ್ಲಿನಲ್ಲಿ ಹೊಂದಿತು ಎಂದು ಮೋಸ ಹೋಗಬೇಡಿ. ಋಣ ಸಂಖ್ಯೆಯ ಶೇಷವೂ ಹೀಗೇ: -7 % 3 ಪೈಥಾನ್‌ನಲ್ಲಿ 2, ಪೋಸ್ಟ್‌ಗ್ರೆಸ್‌ನಲ್ಲಿ -1. ಸ್ಟ್ಯಾಂಡರ್ಡ್ ಡೀವಿಯೇಶನ್ ಪಾಂಡಾಸ್, ಪೋಸ್ಟ್‌ಗ್ರೆಸ್ ಎರಡರಲ್ಲೂ ಸ್ಯಾಂಪಲ್ ಲೆಕ್ಕದ್ದು, ಮೈಎಸ್‌ಕ್ಯೂಎಲ್‌ನ ಎಸ್‌ಟಿಡಿಡೆವ್ ಪಾಪ್ಯುಲೇಶನ್ ಲೆಕ್ಕದ್ದು.

ಐದರಿಂದ ಐದೂವರೆ

ನನ್ನ ತಲೆಯನ್ನು ತುಂಬಾ ಹೊತ್ತು ತಿಂದ ಬಗ್ ಇದು. ದಿನವಾರು ಮಾರಾಟ ಪ್ರತಿದಿನವೂ ಪುಸ್ತಕಕ್ಕಿಂತ ಸ್ವಲ್ಪ ಹೆಚ್ಚುಕಡಿಮೆ. ತಿಂಗಳಿಗೆ ಕೂಡಿಸಿದರೆ ಬಹುತೇಕ ಸರಿ. ಡೇಟಾಬೇಸ್ ಸಮಯವನ್ನು ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಗಡಿಯಾರದಲ್ಲಿ ನೋಡುತ್ತಿತ್ತು. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಮಾಟುಂಗದಲ್ಲಿ ಬೆಳಿಗ್ಗೆ 5:10ಕ್ಕೆ ಕಾಫಿ ಕುಡಿದವನ ಬಿಲ್ಲು ಯುಟಿಸಿಯಲ್ಲಿ ಹಿಂದಿನ ದಿನದ ರಾತ್ರಿ 11:40. ಹೋಟೆಲ್ 6ಕ್ಕೆ ತೆರೆಯುತ್ತಿದ್ದರೆ ಈ ತಪ್ಪು ನನಗೆ ಯಾವತ್ತೂ ಸಿಗುತ್ತಿರಲಿಲ್ಲ. ಆ ಅರ್ಧ ಗಂಟೆಯ ಪೇಪರ್ ಹುಡುಗರು, ಹಾಲಿನವರು, ವಾಕಿಂಗ್ ಹೊರಟ ಅಜ್ಜಂದಿರು ಎಲ್ಲರೂ ನಿನ್ನೆಗೆ ಹೋಗಿದ್ದರು. ದಿನಕ್ಕೆ ಇಳಿಸುವ ಮುಂಚೆ ಅಟ್ ಟೈಮ್ ಝೋನ್ 'ಏಷ್ಯಾ/ಕೋಲ್ಕತಾ' ಹಾಕಿ. ಇಳಿಸಿದ ಮೇಲೆ ಹಾಕಿದರೆ ಉಪಯೋಗ ಇಲ್ಲ.

ತಾರೀಖಿನದೇ ಇನ್ನೊಂದು. ಪಾಂಡಾಸ್‌ನಲ್ಲಿ ತಾರೀಖು ಇಂಡೆಕ್ಸ್ ಆಗಿದ್ದು, ಸಾಲು ಆರಿಸುವ ಡಾಟ್ ಲಾಕ್ ಒಳಗೆ '2024-03-01' ರಿಂದ '2024-03-31' ಎಂದು ಅಕ್ಷರದಲ್ಲಿ ಕೊಟ್ಟರೆ 31ನೇ ತಾರೀಖು ಇಡೀ ಬರುತ್ತದೆ. ಟೈಮ್‌ಸ್ಟ್ಯಾಂಪ್ ಕಾಲಮ್ಮಿನ ಮೇಲೆ ಎಸ್‌ಕ್ಯೂಎಲ್‌ನ ಬಿಟ್ವೀನ್‌ಗೆ ಅದನ್ನೇ ಕೊಟ್ಟರೆ 31ನೇ ತಾರೀಖು ಶುರುವಾಗುವ ಮಧ್ಯರಾತ್ರಿ 12ಕ್ಕೇ ಬಾಗಿಲು ಹಾಕುತ್ತದೆ. ಏಪ್ರಿಲ್ 1ಕ್ಕಿಂತ ಕಡಿಮೆ ಎಂದು ಬರೆಯುವುದೇ ಒಳ್ಳೆಯದು.

ವಾರದ ಲೆಕ್ಕದಲ್ಲಿ ಪಾಂಡಾಸ್‌ಗೆ ಸೋಮವಾರ 0, ಪೋಸ್ಟ್‌ಗ್ರೆಸ್‌ನ ಡಿಓಡಬ್ಲ್ಯೂಗೆ ಭಾನುವಾರ 0. ನನ್ನ ಹಳೇ ಹೆಸರುಪಟ್ಟಿ ಹಾಗೇ ಇಟ್ಟು ಗ್ರಾಫ್ ಹಾಕಿದೆ. ಭಾನುವಾರದ ನೂಕುನುಗ್ಗಲು ಸೋಮವಾರ ಕಂಡಿತು. ಐಎಸ್‌ಓಡಿಓಡಬ್ಲ್ಯೂ ತೆಗೆದುಕೊಂಡು ಒಂದು ಕಳೆಯಿರಿ.

ಇಡ್ಲಿಗೆ ಎಷ್ಟು ಅಕ್ಷರ

ಅಡುಗೆಮನೆಗೆ ಹೋಗುವ ಚೀಟಿ ನಮ್ಮಲ್ಲಿ ಕನ್ನಡದಲ್ಲಿ. ಪ್ರಿಂಟರಿಗೆ ಹೆಸರಿನ ಉದ್ದ ಬೇಕಿತ್ತು. "ಇಡ್ಲಿ" ಕಣ್ಣಿಗೆ ಎರಡು ಅಕ್ಷರ. ಪೈಥಾನ್‌ಗೆ 5: ಇ, ಡ, ಅದನ್ನು ಅರ್ಧ ಮಾಡುವ ಹಲಂತ ಚಿಹ್ನೆ, ಲ, ಗುಡಿಸು. ಯುಟಿಎಫ್-8ರಲ್ಲಿರುವ ಪೋಸ್ಟ್‌ಗ್ರೆಸ್‌ನ ಲೆಂಗ್ತ್ ಕೂಡ 5. ಮೈಎಸ್‌ಕ್ಯೂಎಲ್‌ನ ಲೆಂಗ್ತ್ 15, ಏಕೆಂದರೆ ಅದು ಎಣಿಸುವುದು ಬೈಟ್, ಕನ್ನಡದ ಒಂದೊಂದು ಕೋಡ್‌ಪಾಯಿಂಟಿಗೆ 3 ಬೈಟ್. ಅಲ್ಲಿ ಕ್ಯಾರ್_ಲೆಂಗ್ತ್ ಬಳಸಬೇಕು. ಇಂಗ್ಲಿಷ್ ಹೆಸರಿನಿಂದ ಮಾತ್ರ ಪರೀಕ್ಷೆ ಮಾಡುವವರಿಗೆ ಈ ತಪ್ಪು ಜನ್ಮದಲ್ಲಿ ಕಾಣುವುದಿಲ್ಲ.

ಕೊಳಕು ಟೇಬಲ್

ಇಷ್ಟೆಲ್ಲ ಅನುಭವಿಸಿದ ಮೇಲೆ ನಾನು 12 ಸಾಲಿನ ಒಂದು ಟೇಬಲ್ ಮಾಡಿಟ್ಟಿದ್ದೇನೆ. ನಿಜವಾದ ಡೇಟಾದ ಮಾದರಿ ತೆಗೆದರೆ ಅದು ಚೆನ್ನಾಗಿರುತ್ತದೆ, ಹಾಗಾಗಿ ಏನನ್ನೂ ಹಿಡಿಯುವುದಿಲ್ಲ. ಬೇಕೆಂದೇ ಕೊಳಕು ಮಾಡಬೇಕು. ನನ್ನದರಲ್ಲಿ ಸ್ಥಿತಿ ಖಾಲಿ ಇರುವ ಬಿಲ್ಲು ಇದೆ, ವೇಟರ್ ಖಾಲಿ ಇದೆ, ಫೋನ್ ಖಾಲಿ ಇರುವ ಇಬ್ಬರು ಗಿರಾಕಿಗಳಿದ್ದಾರೆ. ಒಂದೇ ನಿಮಿಷದ ಎರಡು ಬಿಲ್ಲು, ಬೆಳಿಗ್ಗೆ 5:10ರ ಬಿಲ್ಲು, 31ನೇ ತಾರೀಖು ರಾತ್ರಿಯ ಬಿಲ್ಲು, 62.50ರ ಬಿಲ್ಲು, ವಾಪಸ್ ಕೊಟ್ಟ -7 ರೂಪಾಯಿ, 195ರ ಬಿಲ್ಲು, "ಇಡ್ಲಿ" ಎಂದು ಕನ್ನಡದಲ್ಲಿ ಬರೆದದ್ದು. ಒಂದು ದಿನ ಬಿಲ್ಲೇ ಇಲ್ಲ.

ಹೊಸ ಕೋಡ್ ತಿರುಗಿಸಿದ ತಕ್ಷಣ ಎರಡೂ ಕಡೆ ಇದರ ಮೇಲೆ ಓಡಿಸುತ್ತೇನೆ. ಬಿಲ್ ನಂಬರ್ ಪ್ರಕಾರ ಜೋಡಿಸಿ, ಪಾಂಡಾಸ್‌ನ ಅಸರ್ಟ್_ಫ್ರೇಮ್_ಈಕ್ವಲ್ ಕೊಟ್ಟು ಹೋಲಿಸುತ್ತೇನೆ, ಚೆಕ್_ಡಿಟೈಪ್ ಮಾತ್ರ ಫಾಲ್ಸ್. ಬಗೆ ಬೇರೆ ಇದ್ದರೆ ಇರಲಿ, ಬೆಲೆ ಬೇರೆ ಇರಬಾರದು. ಆಮೇಲೆ ಒಂದು ಸಾಲನ್ನು ಅಪ್‌ಡೇಟ್ ಮಾಡಿ ಮತ್ತೆ ಓಡಿಸುತ್ತೇನೆ, ಬೋಣಿಯ ಪಾಠ.

ಟೂಲ್ ಬಳಸುವುದಾದರೆ ಅದು ಬರೆದ ಎಸ್‌ಕ್ಯೂಎಲ್ ಓದಿ. ಡಿಬಿಪ್ಲೈಯರ್‌ನಲ್ಲಿ ಶೋ_ಕ್ವೆರಿ, ಐಬಿಸ್‌ನಲ್ಲಿ ಟು_ಎಸ್‌ಕ್ಯೂಎಲ್. ಐಬಿಸ್ ಶುರು ಮಾಡಿದ್ದು ಪಾಂಡಾಸ್ ಶುರು ಮಾಡಿದ ವೆಸ್ ಮೆಕಿನ್ನಿಯವರೇ. ಹಾಗೆಂದು ಎರಡರಲ್ಲೂ ಖಾಲಿಯ ನಡತೆ ಒಂದೇ ಇರುತ್ತದೆ ಎಂದುಕೊಳ್ಳಬೇಡಿ. ಹೆಜ್ಜೆ ಹೆಜ್ಜೆಗೆ ಒಳಕ್ವೆರಿ ಮಾಡುವುದು, ಆವರಣ ಹಾಕುವುದು ಈ ಟೂಲ್‌ಗಳಿಗೆ ಚೆನ್ನಾಗಿ ಗೊತ್ತು. ಖಾಲಿಗೆ ಏನು ಅರ್ಥ ಎಂಬುದನ್ನು ಅವು ಡೇಟಾಬೇಸಿಗೇ ಬಿಡುತ್ತವೆ. ಓದುವಾಗ ನಾನು ಹುಡುಕುವುದು ನಾಲ್ಕೇ: <> ಗುರುತು, ನಾಟ್ ಇನ್, ಓವರ್, ಮತ್ತು ಆರ್ಡರ್ ಬೈ ಇಲ್ಲದ ಲಿಮಿಟ್.

ಮೊನ್ನೆ ಭಾನುವಾರ 13ನೇ ಸಾಲು ಸೇರಿಸಿದೆ. ಎರಡನೇ ಶಾಖೆಯ ಹುಡುಗ ಐಟಂ ಹೆಸರು ಹಾಕುವಾಗ "ಕಾಫಿ" ಆದ ಮೇಲೆ ಒಂದು ಸ್ಪೇಸ್ ಒತ್ತಿದ್ದ. ಪೋಸ್ಟ್‌ಗ್ರೆಸ್‌ನ ಟೆಕ್ಸ್ಟ್ ಕಾಲಮ್ಮಿಗೆ ಅದು ಬೇರೆಯೇ ಕಾಫಿ. ಮಾವ ಹಾಳೆ ನೋಡಿ, "ಎರಡು ಕಾಫಿ ಇದೆಯಲ್ಲ, ಒಂದು ಸಕ್ಕರೆ ಇಲ್ಲದ್ದಾ?" ಎಂದು ಕೇಳಿದರು.